ಕಾಯಿಸುವುದು, ಹದದಲ್ಲಿಡುವುದು: ಅನಿಲ ಸಂವೇದಕದ ಒಂದು ಶಾಸ್ತ್ರಪಾಠ

(ಐಚ್ಛಿಕ ಕನ್ನಡ ವಿದ್ಯಾರ್ಥಿಗಳಿಗಾಗಿ)

ಕನ್ನಡದಲ್ಲಿ ಶಾಸ್ತ್ರವನ್ನು ಬರೆಯುವುದು ಹೊಸ ಸಾಹಸವಲ್ಲ. ಎರಡನೆಯ ಚಾವುಂಡರಾಯನು ಹನ್ನೊಂದನೆಯ ಶತಮಾನದಲ್ಲಿಯೇ 'ಲೋಕೋಪಕಾರ'ವನ್ನು ರಚಿಸಿದನು. ರಾಜಾದಿತ್ಯನು ಗಣಿತವನ್ನು, ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಕನ್ನಡಕ್ಕೆ ತಂದರು. ಆಧುನಿಕ ಕಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಆರಂಭಿಸಿದರು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಕೊಟ್ಟರು. ಈ ಹೆಸರುಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಆದರೆ ಶಾಸ್ತ್ರಗದ್ಯ ಹೇಗೆ ನಡೆಯುತ್ತದೆ, ಅದರಲ್ಲಿ ಒಂದು ಪದ ಜಾರಿದರೆ ಏನಾಗುತ್ತದೆ ಎಂಬುದನ್ನು ಒಂದು ನಿಜವಾದ ವಸ್ತುವನ್ನು ಹಿಡಿದು ನೋಡಿದಾಗ ಮಾತ್ರ ತಿಳಿಯುತ್ತದೆ. ಅಂಥ ಒಂದು ವಸ್ತುವನ್ನು ಈ ಸಲದ ಪಾಠಕ್ಕೆ ತೆಗೆದುಕೊಂಡಿದ್ದೇವೆ. ಅದು ದೂರದ ಪ್ರಯೋಗಾಲಯದ್ದಲ್ಲ; ರೊಳ್ಳದ ಬೀದಿಯಲ್ಲಿ ನಿಂತಿರುವ ಮೋಟಾರ್ ಬೈಕಿನದು.

1. ವಸ್ತು ಯಾವುದು?

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ವಾಹನಗಳಿಗೆ ಬಿಎಸ್-6 ಎಂಬ ಹೊಗೆ ನಿಯಮ ಅನ್ವಯಿಸಿತು. ಅದರೊಂದಿಗೆ ಬೈಕುಗಳಲ್ಲಿ ಕಾರ್ಬುರೇಟರಿನ ಕಾಲ ಬಹುಮಟ್ಟಿಗೆ ಮುಗಿಯಿತು. ಈಗ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಚಿಮ್ಮಬೇಕು ಎಂಬುದನ್ನು ಒಂದು ಚಿಕ್ಕ ಗಣಕ ನಿರ್ಧರಿಸುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ. ಈ ಪ್ರಮಾಣ ಸರಿಯಾಗಿದೆಯೇ ಎಂದು ಗಣಕಕ್ಕೆ ತಿಳಿಯುವುದು ಹೊಗೆಯಲ್ಲಿ ಉಳಿದಿರುವ ಆಮ್ಲಜನಕದಿಂದ. ಆ ಸುದ್ದಿಯನ್ನು ಕೊಡುವುದು ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆಗೆ ಸ್ಪಾರ್ಕ್ ಪ್ಲಗ್ಗಿನಂತೆ ತಿರುಪಿ ಕೂರಿಸಿರುವ ಆಮ್ಲಜನಕ ಸಂವೇದಕ; ಮೆಕ್ಯಾನಿಕರ ಮಾತಿನಲ್ಲಿ 'ಆಕ್ಸಿಜನ್ ಸೆನ್ಸರ್'. ನಮಗೆ ಸಮೀಪದ ಪೆನುಕೊಂಡದ ಬಳಿ 2019ರಿಂದ ತಯಾರಾಗುತ್ತಿರುವ ಕಿಯಾ ಕಾರುಗಳಲ್ಲಿ ಪೆಟ್ರೋಲಿನವಕ್ಕೂ ಇದು ಬೇಕು. ಇಂಥ ಸಂವೇದಕ ಕಾರಿನಲ್ಲಿ ಮೊದಲು ಬಂದದ್ದು 1976ರಲ್ಲಿ, ವೋಲ್ವೋ ಕಾರಿನಲ್ಲಿ. ತಯಾರಿಸಿದವರು ಜರ್ಮನಿಯ ಬಾಷ್ ಸಂಸ್ಥೆಯವರು.

ಸಂವೇದಕದ ತಿರುಳು ಜಿರ್ಕೋನಿಯಾ ಎಂಬ ಪಿಂಗಾಣಿ. ಅದರ ಒಂದು ಮೈಗೆ ಹೊರಗಿನ ಶುದ್ಧ ಗಾಳಿ, ಇನ್ನೊಂದು ಮೈಗೆ ಎಂಜಿನ್ನಿನ ಹೊಗೆ ತಾಗುತ್ತಿರುತ್ತದೆ. ಎರಡೂ ಮೈಗಳ ಮೇಲೆ ತೆಳುವಾದ ಪ್ಲಾಟಿನಮ್ ಲೇಪವಿದೆ. ಎರಡು ಕಡೆಯ ಆಮ್ಲಜನಕದ ಪ್ರಮಾಣದಲ್ಲಿ ಅಂತರವಿದ್ದರೆ ಲೇಪಗಳ ನಡುವೆ ಒಂದು ವೋಲ್ಟೇಜ್ ಹುಟ್ಟುತ್ತದೆ. ಆ ವೋಲ್ಟೇಜೇ ಸುದ್ದಿ.

2. ಹೆಸರಿನ ಅರ್ಥ

ಈ ಪಿಂಗಾಣಿಯನ್ನು ಶಾಸ್ತ್ರದಲ್ಲಿ ಘನ ವಿದ್ಯುದ್ವಿಭಾಜ್ಯ ಎನ್ನುತ್ತಾರೆ. ಪದ ಉದ್ದವಾದರೂ ಒಡೆದು ನೋಡಿದರೆ ಹೆದರಬೇಕಾದುದೇನೂ ಇಲ್ಲ. ತಾಮ್ರದ ತಂತಿಯಲ್ಲಿ ವಿದ್ಯುತ್ತನ್ನು ಹೊರುವುದು ಎಲೆಕ್ಟ್ರಾನು. ಉಪ್ಪುನೀರಿನಲ್ಲಿ, ಬ್ಯಾಟರಿಯ ಆಸಿಡ್‌ನಲ್ಲಿ ಹಾಗಲ್ಲ. ಅಲ್ಲಿ ವಿದ್ಯುದಂಶವುಳ್ಳ ಪರಮಾಣುಗಳೇ, ಅಂದರೆ ಅಯಾನುಗಳೇ ಚಲಿಸುತ್ತವೆ. ಹೀಗೆ ಅಯಾನುಗಳ ಚಲನೆಯಿಂದ ವಿದ್ಯುತ್ತನ್ನು ಸಾಗಿಸುವ ವಸ್ತು ವಿದ್ಯುದ್ವಿಭಾಜ್ಯ. ಅದು ದ್ರವವಾಗಿರದೆ ಗಟ್ಟಿಯಾಗಿದ್ದರೆ ಘನ ವಿದ್ಯುದ್ವಿಭಾಜ್ಯ.

ಕಲ್ಲಿನಂತೆ ಗಟ್ಟಿಯಾದ ವಸ್ತುವಿನೊಳಗೆ ಅಯಾನು ಚಲಿಸುವುದೆಂತು? ಜಿರ್ಕೋನಿಯಾದಲ್ಲಿ ಒಂದು ಜಿರ್ಕೋನಿಯಮ್ಮಿಗೆ ಎರಡು ಆಮ್ಲಜನಕದ ಲೆಕ್ಕ. ಅದಕ್ಕೆ ಇಟ್ರಿಯಾ ಎಂಬ ಇನ್ನೊಂದು ಆಕ್ಸೈಡನ್ನು ಸ್ವಲ್ಪ ಬೆರೆಸುತ್ತಾರೆ. ಇಟ್ರಿಯಮ್ಮಿನ ವಿದ್ಯುದಂಶ ಜಿರ್ಕೋನಿಯಮ್ಮಿನದಕ್ಕಿಂತ ಒಂದು ಕಡಿಮೆ. ಆದ್ದರಿಂದ ಎರಡು ಇಟ್ರಿಯಮ್ ಸೇರಿದಲ್ಲೆಲ್ಲ ಒಂದು ಆಮ್ಲಜನಕದ ಜಾಗ ತೆರವಾಗಿ ಉಳಿಯುತ್ತದೆ. ತುಂಬಿದ ಬಸ್ಸಿನಲ್ಲಿ ಒಂದು ಸೀಟು ಖಾಲಿಯಾದರೆ ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಸೀಟಿಗೆ ಇನ್ನೊಬ್ಬರು ಬರುತ್ತಾರೆ. ಆಮ್ಲಜನಕದ ಅಯಾನುಗಳು ಹೀಗೆಯೇ ಒಂದು ತೆರವಿನಿಂದ ಇನ್ನೊಂದಕ್ಕೆ ಹಾರುತ್ತ ಸಾಗುತ್ತವೆ.

3. ಏಕೆ ಕಾಯಿಸಬೇಕು?

ಹಾರಲು ಅಯಾನಿಗೆ ಶಕ್ತಿ ಬೇಕು. ತಣ್ಣನೆಯ ಜಿರ್ಕೋನಿಯಾದಲ್ಲಿ ಆ ಶಕ್ತಿಯಿಲ್ಲ. ಆಗ ಅದು ವಿದ್ಯುತ್ತಿನ ಪಾಲಿಗೆ ಬರಿಯ ಕಲ್ಲು. ಕಾವು ಏರಿದಂತೆ ಹಾರಾಟ ಬಹುಬೇಗ ಹೆಚ್ಚುತ್ತದೆ. 300 ಡಿಗ್ರಿ ಸೆಲ್ಸಿಯಸ್‌ನಿಂದ 700 ಡಿಗ್ರಿಗೆ ಏರಿದರೆ ವಾಹಕತೆ ಸಾವಿರಾರು ಪಟ್ಟು ಹೆಚ್ಚುತ್ತದೆ. ಆದುದರಿಂದಲೇ ಸುಮಾರು 300 ಡಿಗ್ರಿಗಿಂತ ಕೆಳಗೆ ಇಂಥ ಸಂವೇದಕ ನಂಬುವಂಥ ಸುದ್ದಿಯನ್ನು ಕೊಡಲಾರದು.

ಈ ಸಂಗತಿ ವಾಹನಗಳಿಗಿಂತ ಹಳೆಯದು. ಕೆಲವು ಘನವಸ್ತುಗಳು ಕಾಯಿಸಿದಾಗ ಮಾತ್ರ ವಿದ್ಯುತ್ತನ್ನು ಹಾಯಿಸುತ್ತವೆಂಬುದನ್ನು ಮೈಕೇಲ್ ಫ್ಯಾರಡೆ 1830ರ ದಶಕದಲ್ಲಿಯೇ ಗಮನಿಸಿದ್ದನು. ಶತಮಾನದ ಕೊನೆಯಲ್ಲಿ ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ಜಿರ್ಕೋನಿಯಾ ಮತ್ತು ಇಟ್ರಿಯಾಗಳ ಕಡ್ಡಿಯಿಂದ ಒಂದು ವಿದ್ಯುದ್ದೀಪವನ್ನೇ ಮಾಡಿದನು. ತಣ್ಣಗಿದ್ದಾಗ ಆ ಕಡ್ಡಿ ವಿದ್ಯುತ್ತನ್ನು ಒಳಗೆ ಬಿಡುತ್ತಿರಲಿಲ್ಲ. ಆದ್ದರಿಂದ ಅದರ ಪಕ್ಕದಲ್ಲಿ ಪ್ಲಾಟಿನಮ್ ತಂತಿಯ ಸುರುಳಿಯೊಂದನ್ನಿಟ್ಟು ಮೊದಲು ಕಾಯಿಸಬೇಕಾಗಿತ್ತು. ಒಮ್ಮೆ ಕಾದ ಮೇಲೆ ಇನ್ನೊಂದು ತೊಡಕು ಎದುರಾಗುತ್ತಿತ್ತು. ಕಾದಷ್ಟೂ ಕಡ್ಡಿಯ ರೋಧ ಇಳಿಯುವುದು. ರೋಧ ಇಳಿದಷ್ಟೂ ವಿದ್ಯುತ್ತು ಹೆಚ್ಚುವುದು. ವಿದ್ಯುತ್ತು ಹೆಚ್ಚಿದಷ್ಟೂ ಕಡ್ಡಿ ಮತ್ತೆ ಕಾಯುವುದು. ಹೀಗೆಯೇ ಬಿಟ್ಟರೆ ಕಡ್ಡಿ ಸುಟ್ಟುಹೋಗುತ್ತಿತ್ತು. ಅದನ್ನು ತಡೆಯಲು, ಕಾದಷ್ಟೂ ರೋಧ ಏರುವ ಕಬ್ಬಿಣದ ತಂತಿಯೊಂದನ್ನು ದಾರಿಯಲ್ಲಿ ಜೋಡಿಸಿದರು.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿರುವುದನ್ನು ಗಮನಿಸಬೇಕು. ಪ್ಲಾಟಿನಮ್ ಸುರುಳಿಯದು ಕಾಯಿಸುವ ಕೆಲಸ. ಕಬ್ಬಿಣದ ತಂತಿಯದು ಕಾವನ್ನು ಹದದಲ್ಲಿಡುವ ಕೆಲಸ. ಇಂದಿನ ಸಂವೇದಕದ ಕಥೆಯೂ ಈ ಎರಡು ಕೆಲಸಗಳ ಕಥೆಯೇ.

4. ಕಾದರೆ ಸಾಲದೇ? ಹದವೇಕೆ?

ಸಂವೇದಕದಲ್ಲಿ ಹುಟ್ಟುವ ವೋಲ್ಟೇಜನ್ನು ಹೇಳುವ ಸೂತ್ರ ನೆರ್ನ್‌ಸ್ಟನದೇ. ಅದನ್ನು ಮಾತಿನಲ್ಲಿ ಹೀಗೆ ಹೇಳಬಹುದು: ಎರಡು ಕಡೆಯ ಆಮ್ಲಜನಕದ ಒತ್ತಡಗಳ ಅನುಪಾತದ ಲಘುಗಣಕವನ್ನು ತೆಗೆದುಕೊಂಡು, ಅದನ್ನು ಪಿಂಗಾಣಿಯ ತಾಪದಿಂದಲೂ ಒಂದು ಸ್ಥಿರಸಂಖ್ಯೆಯಿಂದಲೂ ಗುಣಿಸಿದರೆ ವೋಲ್ಟೇಜ್ ಬರುತ್ತದೆ. ತಾಪವನ್ನು ಕೆಲ್ವಿನ್ ಮಾನದಲ್ಲಿ ಎಣಿಸಬೇಕು.

ಈ ವಾಕ್ಯದಲ್ಲಿ 'ತಾಪದಿಂದಲೂ' ಎಂಬ ಪದವೇ ಮುಖ್ಯ. ವೋಲ್ಟೇಜಿನಲ್ಲಿ ಆಮ್ಲಜನಕದ ಸುದ್ದಿಯೂ ತಾಪದ ಸುದ್ದಿಯೂ ಬೆರೆತಿವೆ. ತಾಪ ಎಷ್ಟೆಂದು ತಿಳಿಯದಿದ್ದರೆ ಆಮ್ಲಜನಕ ಎಷ್ಟೆಂದು ಬಿಡಿಸಿ ಹೇಳಲಾಗದು. ಒಂದು ಲೆಕ್ಕ ನೋಡೋಣ.

ಸಂವೇದಕದ ತಾಪ 1000 ಕೆಲ್ವಿನ್, ಅಂದರೆ 727 ಡಿಗ್ರಿ ಸೆಲ್ಸಿಯಸ್ ಎಂದಿರಲಿ. ಆಗ ಆಮ್ಲಜನಕದ ಹತ್ತು ಪಟ್ಟು ಅಂತರಕ್ಕೆ ಸುಮಾರು 49.6 ಮಿಲಿವೋಲ್ಟ್ ಹುಟ್ಟುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಭಾಗ, ಹೊಗೆಯಲ್ಲಿ 0.21 ಭಾಗ ಎನ್ನೋಣ. ಅಂತರ ನೂರು ಪಟ್ಟು; ಆದ್ದರಿಂದ ವೋಲ್ಟೇಜ್ ಸುಮಾರು 99 ಮಿಲಿವೋಲ್ಟ್. ಈಗ ಹೊಗೆ ಹಾಗೆಯೇ ಇದ್ದು, ಪಿಂಗಾಣಿ ಮಾತ್ರ 900 ಕೆಲ್ವಿನ್ನಿಗೆ ಇಳಿದಿದೆ ಎಂದುಕೊಳ್ಳಿ. ವೋಲ್ಟೇಜ್ ಸುಮಾರು 89 ಮಿಲಿವೋಲ್ಟಿಗೆ ಇಳಿಯುತ್ತದೆ. ಇಳಿದುದು ಹತ್ತರಲ್ಲಿ ಒಂದು ಪಾಲು ಮಾತ್ರ. ಆದರೆ ತಾಪ ಇಳಿದುದನ್ನು ಅರಿಯದ ಗಣಕ ಈ 89 ಮಿಲಿವೋಲ್ಟನ್ನು 1000 ಕೆಲ್ವಿನ್ನಿನ ಲೆಕ್ಕದಲ್ಲಿ ಓದುತ್ತದೆ, ಆಮ್ಲಜನಕ 0.33 ಭಾಗ ಇದೆ ಎನ್ನುತ್ತದೆ. ಇರುವುದು 0.21, ಓದಿದ್ದು 0.33. ತಪ್ಪು ಅರ್ಧಕ್ಕಿಂತಲೂ ಹೆಚ್ಚು! ಸೂತ್ರದಲ್ಲಿ ಲಘುಗಣಕವಿರುವುದರಿಂದ ವೋಲ್ಟೇಜಿನ ಸಣ್ಣ ತಪ್ಪು ಆಮ್ಲಜನಕದ ಲೆಕ್ಕದಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ತಾಪ ಹತ್ತೇ ಕೆಲ್ವಿನ್ ಇಳಿದರೂ ಈ ಉದಾಹರಣೆಯಲ್ಲಿ ತಪ್ಪು ನೂರಕ್ಕೆ ಐದರ ಹತ್ತಿರ ಬರುತ್ತದೆ.

ಬೈಕಿನ ಸರಳ ಸಂವೇದಕಕ್ಕೆ ಇಷ್ಟು ಬಿಗಿ ಬೇಕಿಲ್ಲ ಎಂಬುದನ್ನೂ ಹೇಳಬೇಕು. ಅದು 'ಪೆಟ್ರೋಲ್ ಹೆಚ್ಚಾಯಿತು', 'ಕಡಿಮೆಯಾಯಿತು' ಎಂಬ ಎರಡೇ ಮಾತು ಬಲ್ಲದು. ಹೆಚ್ಚಾದಾಗ ಹೊಗೆಯ ಆಮ್ಲಜನಕ ಎಷ್ಟೋ ಕೋಟಿ ಪಟ್ಟು ಕುಸಿಯುವುದರಿಂದ ವೋಲ್ಟೇಜ್ 0.1ರ ಆಸುಪಾಸಿನಿಂದ 0.8–0.9 ವೋಲ್ಟಿಗೆ ಜಿಗಿಯುತ್ತದೆ. ಆ ಜಿಗಿತ ತಾಪದ ಸಣ್ಣ ಏರಿಳಿತದಲ್ಲಿ ಮುಚ್ಚಿಹೋಗುವುದಿಲ್ಲ. ಆದರೆ ಬಾಯ್ಲರಿನ ಚಿಮಣಿಯಲ್ಲಿಯೋ ಕುಲುಮೆಯಲ್ಲಿಯೋ ನೂರಕ್ಕೆ ಇಷ್ಟು ಭಾಗ ಎಂದು ಅಂಕಿಯಲ್ಲಿ ಹೇಳಬೇಕಾದ ಸಂವೇದಕಕ್ಕೆ ತಾಪದ ಹದವೇ ಪ್ರಾಣ.

5. ಹದ ಹಿಡಿಯುವುದು ಹೇಗೆ?

ನಮ್ಮ ಸೀಮೆಯ ರೇಷ್ಮೆ ಬೆಳೆಗಾರರಿಗೆ ಈ ಪ್ರಶ್ನೆ ಹೊಸದಲ್ಲ. ಚಾಕಿ ಹುಳುವಿಗೆ 27–28 ಡಿಗ್ರಿ, ದೊಡ್ಡ ಹುಳುವಿಗೆ 24–25 ಡಿಗ್ರಿ ಇರಬೇಕು. ಮಾಗಿಯ ಚಳಿಯಲ್ಲಿ ಹುಳುಮನೆಗೆ ಕಾವು ಕೊಡುತ್ತಾರೆ; ಗೋಡೆಯ ತಾಪಮಾಪಕವನ್ನು ನೋಡುತ್ತಾರೆ; ಹೆಚ್ಚಾದರೆ ಕಿಟಕಿ ತೆರೆಯುತ್ತಾರೆ, ಕಡಿಮೆಯಾದರೆ ಮತ್ತೆ ಕಾವು ಹೆಚ್ಚಿಸುತ್ತಾರೆ. ಅಳೆಯುವುದು, ಬೇಕಾದುದರೊಂದಿಗೆ ಹೋಲಿಸುವುದು, ತಿದ್ದುವುದು, ಮತ್ತೆ ಅಳೆಯುವುದು: ಈ ಸುತ್ತನ್ನೇ ಶಾಸ್ತ್ರದಲ್ಲಿ ಹಿಮ್ಮಾಹಿತಿ ನಿಯಂತ್ರಣ ಎನ್ನುತ್ತಾರೆ.

ಸಂವೇದಕದಲ್ಲಿ ಕಾವು ಕೊಡುವುದು ಪಿಂಗಾಣಿಯ ಪದರಗಳ ನಡುವೆ ಅಡಗಿಸಿದ ಪ್ಲಾಟಿನಮ್ ಗೆರೆ. ಅದೇ ಹೀಟರ್. ಆದರೆ ಉಗುರಿನಷ್ಟು ಚಿಕ್ಕ ಪಿಂಗಾಣಿಯೊಳಗೆ ತಾಪಮಾಪಕವನ್ನು ಎಲ್ಲಿ ಇಡುವುದು? ಇದಕ್ಕೆ ಜಾಣ ಉಪಾಯವೊಂದಿದೆ. ಕಾವೇರಿದಂತೆ ಜಿರ್ಕೋನಿಯಾದ ರೋಧ ಇಳಿಯುತ್ತದೆಯಲ್ಲವೆ? ಆ ರೋಧವನ್ನು ಅಳೆದರೆ ತಾಪವನ್ನು ಅಳೆದಂತೆಯೇ. ಕಾರುಗಳಲ್ಲಿ ಬಳಕೆಯಲ್ಲಿರುವ ಒಂದು ಬಗೆಯ ಸಂವೇದಕದಲ್ಲಿ ಪಿಂಗಾಣಿಯ ಒಳರೋಧ 300 ಓಮ್ ಆದರೆ ತಾಪ ಸುಮಾರು 780 ಡಿಗ್ರಿ ಎಂದು ಅರ್ಥ. ಅಳೆಯಲು ವೇಗವಾಗಿ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತನ್ನು ಬಳಸುತ್ತಾರೆ. ಒಂದೇ ದಿಕ್ಕಿನ ವಿದ್ಯುತ್ತನ್ನು ಹಾಯಿಸಿದರೆ ಅದು ಆಮ್ಲಜನಕದ ಸುದ್ದಿಯೊಂದಿಗೆ ಕಲೆತುಹೋಗುತ್ತದೆ. ಹೀಗೆ ಅಳೆಯುವ ವಸ್ತುವೇ ತನ್ನ ತಾಪಮಾಪಕವೂ ಆಗುತ್ತದೆ.

ತಿದ್ದುವ ಕೆಲಸ ಗಣಕದ್ದು. ಅದು ಹೀಟರಿಗೆ ವಿದ್ಯುತ್ತನ್ನು ಒಂದೇ ಸಮನೆ ಕೊಡದೆ, ಸೆಕೆಂಡಿಗೆ ಹಲವು ಸಲ ಕೊಟ್ಟು ನಿಲ್ಲಿಸುತ್ತದೆ; ಕೊಡುವ ಹೊತ್ತನ್ನು ಹೆಚ್ಚು ಕಡಿಮೆ ಮಾಡಿ ಕಾವನ್ನು ತಿದ್ದುತ್ತದೆ. ಈ ಕೆಲಸಕ್ಕೆ ಅಡ್ಡಿಗಳು ನಾಲ್ಕು.

ಮೊದಲನೆಯದು, ಬ್ಯಾಟರಿಯ ವೋಲ್ಟೇಜ್ ಸ್ಥಿರವಲ್ಲ. ಅದು 12ರಿಂದ 14ಕ್ಕೆ ಏರಿದರೆ, ರೋಧ ಅಷ್ಟೇ ಇದ್ದಲ್ಲಿ, ಹೀಟರಿನ ಶಕ್ತಿ ನೂರಕ್ಕೆ 36ರಷ್ಟು ಹೆಚ್ಚುತ್ತದೆ. ಎರಡನೆಯದು, ಹೊಗೆಯ ವೇಗ ಮತ್ತು ಬಿಸಿ ಕ್ಷಣಕ್ಷಣಕ್ಕೂ ಬದಲಾಗುತ್ತವೆ; ಏರು ಹತ್ತುವಾಗ ಇದ್ದಂತೆ ಇಳಿಜಾರಿನಲ್ಲಿ ಇರುವುದಿಲ್ಲ. ಮೂರನೆಯದು, ಪಿಂಗಾಣಿಯ ಎರಡು ಮೈಗಳಲ್ಲಿ ಕಾವು ಸಮವಾಗಿರಬೇಕು. ಇಲ್ಲದಿದ್ದರೆ ಕಾವಿನ ಅಂತರವೇ ತನ್ನದೊಂದು ಚಿಕ್ಕ ವೋಲ್ಟೇಜನ್ನು ಹುಟ್ಟಿಸಿ ಸುದ್ದಿಯನ್ನು ಕೆಡಿಸುತ್ತದೆ. ನಾಲ್ಕನೆಯದು ನೀರು. ಚಳಿಗಾಲದ ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಸೈಲೆನ್ಸರಿನ ತುದಿಯಿಂದ ನೀರು ತೊಟ್ಟಿಕ್ಕುವುದನ್ನು ಕಂಡಿದ್ದೇವೆ. ಪೆಟ್ರೋಲ್ ಉರಿದಾಗ ಹುಟ್ಟುವ ಆವಿ ತಣ್ಣನೆಯ ಕೊಳವೆಯಲ್ಲಿ ಹನಿಗಟ್ಟಿದ ನೀರು ಅದು. ಚೆನ್ನಾಗಿ ಕಾದ ಪಿಂಗಾಣಿಯ ಮೇಲೆ ಅಂಥ ಒಂದು ಹನಿ ಬಿದ್ದರೆ, ಕಾದ ಹೆಂಚಿಗೆ ನೀರು ಚಿಮುಕಿಸಿದಂತೆ ಬಿರುಕು ಬಿಡಬಹುದು. ಆದ್ದರಿಂದ ಗಣಕ ಮೊದಲು ಮೆಲ್ಲಗೆ ಕಾಯಿಸುತ್ತದೆ. ಕೊಳವೆ ಒಣಗಿತೆಂದು ಎಣಿಸಿದ ಮೇಲೆಯೇ ಪೂರ್ಣ ಕಾವು ಕೊಡುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ವರ್ಷಗಳು ಕಳೆದಂತೆ ಪಿಂಗಾಣಿಯ ರೋಧ ತಾನೇ ಏರತೊಡಗುತ್ತದೆ. ಗಣಕಕ್ಕೆ ಇದು ಮುಪ್ಪೆಂದು ತಿಳಿಯದು. ಕಾವು ಸಾಲದು ಎಂದೇ ಎಣಿಸಿ ಇನ್ನಷ್ಟು ಕಾಯಿಸುತ್ತದೆ. ಅಳತೆಗೋಲೇ ಸವೆದಾಗ ನಿಯಂತ್ರಣ ಎಷ್ಟು ಚೊಕ್ಕವಾಗಿದ್ದರೂ ಹದ ತಪ್ಪುತ್ತದೆ.

6. ಕಾವಿನ ಮೂರು ಮೂಲಗಳು

ಎಲ್ಲ ಸಂವೇದಕಗಳಿಗೂ ಹೀಟರ್ ಇರುವುದಿಲ್ಲ. ಮೊದಲ ಕಾಲದ ಕಾರುಗಳಲ್ಲಿಯೂ ಇಂದಿನ ಕೆಲವು ಚಿಕ್ಕ ಬೈಕುಗಳಲ್ಲಿಯೂ ಸಂವೇದಕ ಹೊಗೆಯ ಕಾವನ್ನೇ ಕಡವಾಗಿ ಪಡೆಯುತ್ತದೆ. ಅಂಥದಕ್ಕೆ ಒಂದೋ ಎರಡೋ ತಂತಿಗಳಿರುತ್ತವೆ. ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಅದು ಮೌನ; ಅಲ್ಲಿಯವರೆಗೆ ಗಣಕ ಅಂದಾಜಿನ ಮೇಲೆ ಪೆಟ್ರೋಲ್ ಕೊಡುತ್ತದೆ. ಎರಡನೆಯ ಬಗೆ ಸ್ವಂತ ಹೀಟರ್ ಉಳ್ಳದ್ದು. ಅದರಲ್ಲಿ ನಾಲ್ಕು ತಂತಿಗಳಿದ್ದರೆ ಎರಡು ಸುದ್ದಿಗೆ, ಎರಡು ಕಾವಿಗೆ.

ಮೂರನೆಯದು ಉಕ್ಕಿನ ಕಾರ್ಖಾನೆಯದು. ರಾಯದುರ್ಗದ ಕಡೆಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೆಸರು ಪರಿಚಿತ. ಕರಗಿದ ಉಕ್ಕಿನಲ್ಲಿ ಎಷ್ಟು ಆಮ್ಲಜನಕ ಕರಗಿದೆ ಎಂಬುದನ್ನು ತಿಳಿಯಲು ಉಕ್ಕು ತಯಾರಕರು ಜಿರ್ಕೋನಿಯಾ ತುದಿಯ ಕೋಲೊಂದನ್ನು ಕೆಲವು ಸೆಕೆಂಡು ಅದರಲ್ಲಿ ಅದ್ದುತ್ತಾರೆ. ಅಲ್ಲಿ ಹೀಟರ್ ಬೇಕಿಲ್ಲ. ಉಕ್ಕೇ 1600 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಾಪವನ್ನು ಒಂದು ಹದದಲ್ಲಿ ಹಿಡಿದಿಡುವುದೂ ಆ ಕೋಲಿನ ಕೈಯಲ್ಲಿಲ್ಲ. ಆದರೂ ಅದೇ ಕೋಲಿನಲ್ಲಿ ತಾಪವನ್ನು ಅಳೆಯುವ ಉಷ್ಣಯುಗ್ಮವೊಂದನ್ನು ಕಟ್ಟಿರುತ್ತಾರೆ. ಕಾರಣ ಸ್ಪಷ್ಟ: ಕಾವು ಎಲ್ಲಿಂದಲಾದರೂ ಬರಲಿ, ಅದು ಎಷ್ಟೆಂದು ತಿಳಿಯದೆ ವೋಲ್ಟೇಜನ್ನು ಓದಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕೆ. ಟಿ. ಜೇಕಬ್ ಅವರು ಘನ ವಿದ್ಯುದ್ವಿಭಾಜ್ಯಗಳನ್ನು ಬಳಸಿ ಲೋಹ ಮತ್ತು ಆಕ್ಸೈಡುಗಳ ಗುಣಗಳನ್ನು ಅಳೆಯುವ ಸಂಶೋಧನೆಯಲ್ಲಿ ದೀರ್ಘಕಾಲ ದುಡಿದವರು. ಆ ಬಗೆಯ ಅಳತೆಗಳಲ್ಲೆಲ್ಲ ಕುಲುಮೆಯ ತಾಪವನ್ನು ಸ್ಥಿರವಾಗಿಡುವುದೂ ಅದನ್ನು ನಿಖರವಾಗಿ ಅಳೆಯುವುದೂ ಮೊದಲ ಕರ್ತವ್ಯ.

7. ಪದಗಳ ಹದ

ಈಗ ನಮ್ಮ ವಿಷಯಕ್ಕೆ, ಭಾಷೆಗೆ, ಬರೋಣ. ಪತ್ರಿಕೆ, ಪಠ್ಯಪುಸ್ತಕ ಮತ್ತು ಮಾತಿನಲ್ಲಿ ಶಾಖ, ಉಷ್ಣ, ಉಷ್ಣತೆ, ಉಷ್ಣಾಂಶ, ತಾಪ, ತಾಪಮಾನ, ಕಾವು, ಬಿಸಿ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಓಡಾಡುತ್ತವೆ. ಕಾವ್ಯದಲ್ಲಿ ಅದರಿಂದ ಹಾನಿಯಿಲ್ಲ. ಶಾಸ್ತ್ರದಲ್ಲಿ ಹಾನಿಯಿದೆ. ಶಾಖವೆಂದರೆ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವ ಶಕ್ತಿ. ತಾಪವೆಂದರೆ ವಸ್ತು ಎಷ್ಟು ಬಿಸಿಯಾಗಿದೆ ಎಂಬ ಮಟ್ಟ. ಹೀಟರ್ ಕೊಡುವುದು ಶಾಖ. ನೆರ್ನ್‌ಸ್ಟನ ಸೂತ್ರದಲ್ಲಿರುವುದು ತಾಪ. ಇಳಿಜಾರಿನಲ್ಲಿ ತಣ್ಣನೆಯ ಗಾಳಿ ಬಡಿದಾಗ ತಾಪವನ್ನು ಅಷ್ಟರಲ್ಲೇ ಉಳಿಸಲು ಹೆಚ್ಚು ಶಾಖ ಕೊಡಬೇಕು. 'ಹೆಚ್ಚು ಉಷ್ಣ ಕೊಟ್ಟರೂ ಉಷ್ಣ ಅಷ್ಟೇ ಉಳಿಯಿತು' ಎಂದು ಬರೆದರೆ ಓದುಗನಿಗೆ ಅದು ಒಗಟು. 'ಹೆಚ್ಚು ಶಾಖ ಕೊಟ್ಟುದರಿಂದ ತಾಪ ಅಷ್ಟೇ ಉಳಿಯಿತು' ಎಂದರೆ ಅದು ಶಾಸ್ತ್ರ.

ಇದು ಬರವಣಿಗೆಗೆ ಮಾತ್ರ ಸಂಬಂಧಿಸಿದ ಎಚ್ಚರವಲ್ಲ. ಗಾಡಿಯ ಮೀಟರಿನಲ್ಲಿ ಎಂಜಿನ್ ದೀಪ ಹತ್ತಿಕೊಂಡಾಗ 'ಸೆನ್ಸರ್ ಹೋಗಿದೆ' ಎಂಬ ಒಂದೇ ಮಾತಿನಿಂದ ಎಲ್ಲವನ್ನೂ ಹೇಳಿಬಿಟ್ಟರೆ ಕೆಟ್ಟಿರುವುದು ಯಾವ ಕೆಲಸ ಎಂಬುದು ತಿಳಿಯುವುದಿಲ್ಲ. ಹೀಟರಿನ ತಂತಿ ತುಂಡಾಗಿದೆಯೇ, ಹೀಟರಿಗೆ ವಿದ್ಯುತ್ತು ಕೊಡುವ ಫ್ಯೂಸ್ ಹೋಗಿದೆಯೇ, ಪಿಂಗಾಣಿ ಬಿರಿದಿದೆಯೇ ಎಂಬುವು ಬೇರೆ ಬೇರೆ ಪ್ರಶ್ನೆಗಳು. ತಣ್ಣಗಿರುವಾಗ ಹೀಟರಿನ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ ಕೆಲವು ಓಮ್ ರೋಧ ಕಾಣಬೇಕು. ಏನೂ ಕಾಣದಿದ್ದರೆ ಒಳಗೆ ತುಂಡಾಗಿದೆ. ರೋಧ ಸರಿಯಾಗಿದ್ದು ಫ್ಯೂಸ್ ಮಾತ್ರ ಹೋಗಿದ್ದರೆ ಸಂವೇದಕವನ್ನು ಬದಲಿಸಿ ಪ್ರಯೋಜನವಿಲ್ಲ. ಪ್ರಶ್ನೆಯನ್ನು ಬೇರ್ಪಡಿಸಿ ಕೇಳಲು ಪದಗಳು ಬೇರೆಯಾಗಿರಬೇಕು. ಸಾವಿರಾರು ರೂಪಾಯಿ ಉಳಿಯುವುದೂ ಕಳೆಯುವುದೂ ಕೆಲವೊಮ್ಮೆ ಅಷ್ಟರ ಮೇಲೆಯೇ ನಿಂತಿರುತ್ತದೆ.

ಹೊಸ ಪದಗಳನ್ನೆಲ್ಲ ಸಂಸ್ಕೃತದಿಂದಲೇ ಕಟ್ಟಬೇಕೆಂದಿಲ್ಲ. ಹೀಟರ್, ಫ್ಯೂಸ್, ವೋಲ್ಟ್ ಹಾಗೆಯೇ ಇರಲಿ. ಬಳಸುವವರಿಗೆ ಅವು ಕನ್ನಡವೇ. 'ವಿದ್ಯುದ್ವಿಭಾಜ್ಯ' ಬೇಕು; ಏಕೆಂದರೆ ಅದರ ಒಡಲಲ್ಲಿಯೇ ಅರ್ಥದ ಸುಳಿವಿದೆ. ಅಣುಮಟ್ಟದ ಖಾಲಿ ಜಾಗಕ್ಕೆ 'ತೆರವು' ಎಂಬ ಅಚ್ಚಗನ್ನಡ ಪದ ಸೊಗಸಾಗಿ ಹೊಂದಿತು. ಇನ್ನು 'ಹದ'. ಬಿತ್ತುವ ನೆಲದ ಹದ, ಪಾಕದ ಹದ, ಹುಳುಮನೆಯ ಹದ ಎಂದು ನಾವು ನಿತ್ಯ ಆಡುವ ಈ ಪದದಲ್ಲಿ 'ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಈ ಕೆಲಸಕ್ಕೆ ತಕ್ಕಷ್ಟು' ಎಂಬ ಪೂರ್ಣ ಅರ್ಥವಿದೆ. ತಾಪ ನಿಯಂತ್ರಣವೆಂಬ ಶಾಸ್ತ್ರದ ಗುರಿಯೂ ಅದೇ.

ನೊಳಂಬರ ಹೆಂಜೇರು, ಇಂದಿನ ಹೇಮಾವತಿ, ಇರುವುದು ನಮ್ಮ ಮಡಕಶಿರಾ ಸೀಮೆಯಲ್ಲಿಯೇ; ಅಲ್ಲಿನ ಕನ್ನಡ ಶಾಸನಗಳು ನಮ್ಮ ಭಾಷೆಯ ಹಳಮೆಗೆ ಸಾಕ್ಷಿ. ಆಡಳಿತದ ಗೆರೆಗಳು ಬದಲಾಗುತ್ತಿರುತ್ತವೆ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಗಡಿಯ ಕನ್ನಡ ಉಳಿಯಬೇಕೆಂಬ ಮಾತನ್ನು ನಾವು ಸಭೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯೊಬ್ಬ ತನ್ನ ಬೈಕಿನ ಸಂವೇದಕ ಏಕೆ ಕಾಯಬೇಕು, ಏಕೆ ಹದದಲ್ಲಿರಬೇಕು ಎಂಬುದನ್ನು ತನ್ನ ತಮ್ಮನಿಗೆ ಕನ್ನಡದಲ್ಲಿ ತಪ್ಪಿಲ್ಲದೆ ವಿವರಿಸಬಲ್ಲನಾದರೆ, ಆ ಉಳಿವಿಗೆ ಅದೂ ಒಂದು ಸಾಕ್ಷಿಯಾಗುತ್ತದೆ.

ಅಭ್ಯಾಸ

1. ಶಾಖ ಮತ್ತು ತಾಪಗಳ ವ್ಯತ್ಯಾಸವನ್ನು ನಿಮ್ಮ ಅಡುಗೆಮನೆಯ ಒಂದು ಉದಾಹರಣೆಯಿಂದ ಐದು ವಾಕ್ಯಗಳಲ್ಲಿ ವಿವರಿಸಿ.

2. ನೆರ್ನ್‌ಸ್ಟನ ದೀಪದಲ್ಲಿ 'ಕಾಯಿಸುವ' ಭಾಗ ಯಾವುದು, 'ಹದದಲ್ಲಿಡುವ' ಭಾಗ ಯಾವುದು? ಎರಡರಲ್ಲಿ ಒಂದೇ ಇದ್ದಿದ್ದರೆ ಏನಾಗುತ್ತಿತ್ತು?

3. ಉಕ್ಕಿನಲ್ಲಿ ಅದ್ದುವ ಕೋಲಿಗೆ ಹೀಟರ್ ಬೇಡ, ತಾಪದ ಅಳತೆ ಬೇಕು. ಏಕೆ?

4. ಹುಳುಮನೆಯ ಕಾವಿನ ನಿರ್ವಹಣೆಯನ್ನೂ ಸಂವೇದಕದ ತಾಪ ನಿಯಂತ್ರಣವನ್ನೂ ಹೋಲಿಸಿ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ತೋರಿಸಿ.

5. ನಿಮ್ಮ ಊರಿನ ಮೆಕ್ಯಾನಿಕರೊಬ್ಬರು ಬಳಸುವ ಹತ್ತು ವೃತ್ತಿಪದಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಯಾವುವನ್ನು ಶಾಸ್ತ್ರಗದ್ಯದಲ್ಲಿ ಹಾಗೆಯೇ ಬಳಸಬಹುದೆಂದು ಕಾರಣಸಹಿತ ಬರೆಯಿರಿ.